ಡಿಎನ್‌ಎಸ್ ಸರ್ವರ್ ಮತ್ತು ಎರಡು ವರ್ಷ ಹಿಂದಿದ್ದ ಗಡಿಯಾರ

ನಮ್ಮ ಕಾಲೇಜಿನ ಲ್ಯಾಬ್‌ಗೆ ಸ್ವಂತ ಡಿಎನ್‌ಎಸ್ ಸರ್ವರ್, ಅಂದರೆ ಹೆಸರು ಕೇಳಿದರೆ ಅದರ ಐಪಿ ನಂಬರ್ ಹೇಳುವ ಸರ್ವರ್, ಬೇಕು ಅಂತ ನನಗೆ ತುಂಬಾ ದಿನದಿಂದ ಅನ್ನಿಸುತ್ತಿತ್ತು. ಲೈಬ್ರರಿ ಸರ್ವರ್ ತೆರೆಯಬೇಕೆಂದರೂ ಹುಡುಗರು ಐಪಿ ನಂಬರ್ ಟೈಪ್ ಮಾಡಬೇಕಿತ್ತು. ಹೆಸರು ಹಾಕಿದರೆ ತೆರೆದುಕೊಳ್ಳುವ ಹಾಗಿದ್ದರೆ ಎಷ್ಟು ಸಲೀಸು, ಅಲ್ವಾ? ಒಂದು ಶನಿವಾರ ಮಧ್ಯಾಹ್ನ ಹಳೆಯ ಕಂಪ್ಯೂಟರ್ ಒಂದಕ್ಕೆ ಅಲ್ಮಾಲಿನಕ್ಸ್ 9 ಆಪರೇಟಿಂಗ್ ಸಿಸ್ಟಂ ಹಾಕಿ, ಬೈಂಡ್ ಅನ್ನುವ ಡಿಎನ್‌ಎಸ್ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿದೆ.

ಸರ್ವರ್ ಮುಂದೆಯೇ ಕೂತು, ಡಿಎನ್‌ಎಸ್‌ಗೆ ಪ್ರಶ್ನೆ ಕೇಳುವ ಡಿಗ್ ಕಮಾಂಡ್ ಕೊಟ್ಟರೆ ಉತ್ತರ ತಕ್ಷಣ ಬಂತು. ಪಕ್ಕದ ಕಂಪ್ಯೂಟರ್‌ನಿಂದ ಕೇಳಿದರೆ 'ಹೋಸ್ಟ್ ಅನ್‌ರೀಚಬಲ್'. ಆಚೆಯ ಕಂಪ್ಯೂಟರ್ ಸಿಗುತ್ತಿದೆಯೇ ಅಂತ ನೋಡುವ ಪಿಂಗ್ ಮಾತ್ರ ಆರಾಮಾಗಿ ಹೋಗುತ್ತಿತ್ತು. ಅಂದರೆ ಕೇಬಲ್ ಸರಿಯಿದೆ, ತಡೆಯುತ್ತಿರುವುದು ಫೈರ್‌ವಾಲ್. ಅದರಲ್ಲಿ ಡಿಎನ್‌ಎಸ್ ಸರ್ವಿಸ್ ಸೇರಿಸಿದೆ. ಹೀಗೆ ಸೇರಿಸಿದರೆ ಡಿಎನ್‌ಎಸ್ ಪ್ರಶ್ನೆಗಳು ಬರುವ ಬಾಗಿಲು, ಅಂದರೆ 53ನೇ ಪೋರ್ಟ್, ಡೇಟಾ ಕಳಿಸುವ ಎರಡು ವಿಧಾನಗಳಾದ ಯುಡಿಪಿ, ಟಿಸಿಪಿ ಎರಡಕ್ಕೂ ತೆರೆಯುತ್ತದೆ. ಯುಡಿಪಿ ಒಂದೇ ಸಾಕು ಅನ್ನುವವರಿದ್ದಾರೆ. ಆದರೆ ಯುಡಿಪಿಯಲ್ಲಿ ಹಿಡಿಸದಷ್ಟು ದೊಡ್ಡ ಉತ್ತರವಿದ್ದರೆ ಅದನ್ನು ಮತ್ತೆ ಟಿಸಿಪಿಯಲ್ಲಿ ಕೇಳಬೇಕು. ಟಿಸಿಪಿ ಮುಚ್ಚಿದ್ದರೆ ಕೆಲವು ಹೆಸರು ಮಾತ್ರ ಸಿಗುವುದಿಲ್ಲ. ಅಂಥ ಅರ್ಧಂಬರ್ಧ ತೊಂದರೆಯ ಮೂಲ ಹುಡುಕುವುದು ಬಲು ಕಷ್ಟ.

ಈಗ ಎರರ್ ಬದಲಾಯಿತು: 'ಕನೆಕ್ಷನ್ ರೆಫ್ಯೂಸ್ಡ್'. ನನಗೆ ಖುಷಿಯಾಯಿತು. ಎರರ್ ಬದಲಾದರೆ ಪ್ರಶ್ನೆ ಒಂದು ಹಂತ ಮುಂದೆ ಹೋಗಿದೆ ಅಂತಲೇ. ಯಾವ ಪೋರ್ಟ್‌ನಲ್ಲಿ ಯಾರಿದ್ದಾರೆ ಅಂತ ತೋರಿಸುವ ಎಸ್‌ಎಸ್ ಕಮಾಂಡ್‌ನಲ್ಲಿ ನೋಡಿದರೆ ಬೈಂಡ್ 127.0.0.1ರಲ್ಲಿ, ಅಂದರೆ ತನ್ನದೇ ಕಂಪ್ಯೂಟರ್‌ನ ಒಳಗಿನಿಂದ ಬರುವುದನ್ನು ಮಾತ್ರ ಕೇಳಿಸಿಕೊಳ್ಳುತ್ತಿತ್ತು. ಜೊತೆಗೆ ಬರುವ ಕಾನ್ಫಿಗ್ ಫೈಲೇ ಹಾಗಿರುತ್ತದೆ. ಅದು ಒಳ್ಳೆಯದೇ. ಆ ಫೈಲ್‌ನ ಲಿಸನ್-ಆನ್ ಸಾಲಿಗೆ ಸರ್ವರ್‌ನ ಲ್ಯಾಬ್ ಕಡೆಯ ಐಪಿ ಸೇರಿಸಿದೆ. ಮತ್ತೆ 'ರೆಫ್ಯೂಸ್ಡ್'! ಆದರೆ ಈ ಸಲ ಅದು ಉತ್ತರದ ಸ್ಟೇಟಸ್‌ನಲ್ಲಿತ್ತು. ಇವೆರಡು ಬೇರೆ ಬೇರೆ. ಮೊದಲನೆಯದು, ಆ ಪೋರ್ಟ್‌ನಲ್ಲಿ ಯಾರೂ ಇಲ್ಲ ಅಂತ ಆಪರೇಟಿಂಗ್ ಸಿಸ್ಟಂ ಹೇಳಿದ್ದು. ಎರಡನೆಯದು, ಬೈಂಡ್ ಪ್ರಶ್ನೆ ಓದಿ ನಿನಗೆ ಉತ್ತರ ಕೊಡಲ್ಲ ಅಂದದ್ದು. ಯಾರ ಪ್ರಶ್ನೆಗೆ ಉತ್ತರ ಕೊಡಬಹುದು ಅನ್ನುವ ಅಲೋ-ಕ್ವೆರಿ ಸಾಲಿನಲ್ಲಿ ಲೋಕಲ್‌ಹೋಸ್ಟ್, ಅಂದರೆ ಅದೇ ಕಂಪ್ಯೂಟರ್, ಒಂದೇ ಇತ್ತು. ಅಲ್ಲಿ ಸುಮ್ನೆ 'ಎನಿ' (ಯಾರು ಬೇಕಾದರೂ) ಅಂತ ಹಾಕಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ವರ್ ಹೊರಗಿನವರ ಕೈಗೆ ಸಿಕ್ಕರೆ ಅದನ್ನೇ ಬಳಸಿ ಇನ್ಯಾರದೋ ಮೇಲೆ ದಾಳಿ ಮಾಡುತ್ತಾರೆ. ನಾನು ಲ್ಯಾಬ್‌ನ ಸಬ್‌ನೆಟ್, ಅಂದರೆ ಅಲ್ಲಿನ ಐಪಿಗಳ ಗುಂಪು, ಮಾತ್ರ ಬರೆದೆ. ಹೆಸರುಗಳು ಸಿಗತೊಡಗಿದವು.

ಅಸಲಿ ತೊಂದರೆ ಬಂದದ್ದು ಸೋಮವಾರ. ಹಿಂದಿನ ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೂಡ ಖಾಲಿಯಾಗಿತ್ತು. ಬೆಳಿಗ್ಗೆ ಲ್ಯಾಬ್ ಅಟೆಂಡರ್ ಫೋನ್ ಮಾಡಿದರು. "ಮೇಡಂ, ಗೂಗಲ್ ಬರ್ತಿಲ್ಲ, ಲೈಬ್ರರಿ ಮಾತ್ರ ಬರ್ತಿದೆ."

ಆ ಮಾತಿನಲ್ಲೇ ಅರ್ಧ ಉತ್ತರವಿತ್ತು. ಲೈಬ್ರರಿಯ ಹೆಸರು ನಮ್ಮ ಸರ್ವರ್‌ನಲ್ಲೇ ಬರೆದಿಟ್ಟದ್ದು. ಅದು ಸಿಗುತ್ತಿದೆ ಅಂದರೆ ಫೈರ್‌ವಾಲ್, ಬೈಂಡ್ ಎರಡೂ ಸರಿಯಿವೆ. ಹೊರಗಿನ ಯಾವ ಹೆಸರು ಕೇಳಿದರೂ 'ಸರ್ವ್‌ಫೇಲ್', ಅಂದರೆ ಉತ್ತರ ಹುಡುಕಲು ಸರ್ವರ್‌ಗೆ ಆಗಲಿಲ್ಲ. ಡಿಗ್‌ಗೆ ಪರಿಶೀಲನೆ ಬೇಡ ಅನ್ನುವ 'ಪ್ಲಸ್ ಸಿಡಿ' ಸೇರಿಸಿ ಕೇಳಿದೆ. ಉತ್ತರ ಬಂತು! ಹಾಗಾದರೆ ಇಂಟರ್‌ನೆಟ್ ಇದೆ, ಸೋಲುತ್ತಿರುವುದು ಡಿಎನ್‌ಎಸ್‌ಸೆಕ್ ಸಹಿಗಳ, ಅಂದರೆ ಉತ್ತರ ಅಸಲಿಯೇ ಅಂತ ತಿಳಿಸುವ ಡಿಜಿಟಲ್ ಸಹಿಗಳ, ಪರಿಶೀಲನೆ. ಪ್ರತಿ ಸಹಿಗೂ ಶುರುವಾಗುವ ದಿನ, ಮುಗಿಯುವ ದಿನ ಇರುತ್ತದೆ. ಡೇಟ್ ಕಮಾಂಡ್ ಕೊಟ್ಟು ನೋಡಿದೆ. ಗಡಿಯಾರ ಎರಡು ವರ್ಷ ಹಿಂದಿತ್ತು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತುಹೋಗಿತ್ತು. ನಮ್ಮ ಸರ್ವರ್‌ನ ಲೆಕ್ಕದಲ್ಲಿ ಇವತ್ತಿನ ಸಹಿಗಳೆಲ್ಲ ಇನ್ನೂ ಶುರುವೇ ಆಗಿಲ್ಲ. ಪರಿಶೀಲನೆ ಎಲ್ಲ ಹೆಸರುಗಳ ಮೂಲವಾದ ರೂಟ್‌ನಿಂದಲೇ ಆರಂಭವಾಗುವುದರಿಂದ, ಸಹಿಯೇ ಇಲ್ಲದ ಹೆಸರುಗಳೂ ಅದರ ಜೊತೆ ಮುಳುಗಿದವು.

ಗಡಿಯಾರ ಸರಿಪಡಿಸಲು, ನೆಟ್‌ವರ್ಕ್‌ನಿಂದ ಸಮಯ ತರುವ ಕ್ರೋನಿ ಪ್ರೋಗ್ರಾಂ ಇದೆಯಲ್ಲ ಅನ್ನಬಹುದು. ಅದಕ್ಕೆ ಟೈಮ್ ಸರ್ವರ್‌ನ ಹೆಸರು ಕೊಟ್ಟಿರುತ್ತದೆ, ಐಪಿ ಅಲ್ಲ. ಆ ಹೆಸರನ್ನು ಅದು ಕೇಳುವುದು ಇದೇ ಸರ್ವರ್‌ನ ಬೈಂಡ್ ಅನ್ನು. ಬೈಂಡ್‌ಗೆ ಉತ್ತರ ಕೊಡಲು ಸರಿಯಾದ ಸಮಯ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅನ್ನುತ್ತಾರಲ್ಲ, ಹಾಗೇ ಆಯಿತು.

ಕೈಯಿಂದಲೇ ದಿನಾಂಕ ಸರಿಮಾಡಿ ಬೈಂಡ್ ರೀಸ್ಟಾರ್ಟ್ ಮಾಡಿದೆ. ಹುಡುಗರ ಪ್ರಾಕ್ಟಿಕಲ್ ತಡವಾದರೂ ನಡೆಯಿತು. ಸಂಜೆ ಹೊಸ ಸೆಲ್ ಹಾಕಿದೆ. ಕಾಲೇಜಿನ ರೌಟರ್ ಕೂಡ ಸಮಯ ಕೊಡುತ್ತದೆ, ಅದರ ಐಪಿಯನ್ನು ಕ್ರೋನಿಯ ಫೈಲ್‌ನಲ್ಲಿ ಬರೆದೆ. ಆಮೇಲೆ ಬೇಕೆಂದೇ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ, ಸರ್ವರ್ ರೀಬೂಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಸಮಯ ಸರಿಹೋಯಿತು. ಡಿಗ್ ಉತ್ತರದಲ್ಲಿ ಸಹಿ ಸರಿಯಿದೆ ಅನ್ನುವ ಎಡಿ ಫ್ಲ್ಯಾಗ್ ಕಾಣಿಸಿತು. ಆಮೇಲಷ್ಟೇ ಮೇಲಿನ ಮಹಡಿಯ ಲ್ಯಾಬ್‌ನ ಸಬ್‌ನೆಟ್ ಕೂಡ ಅಲೋ-ಕ್ವೆರಿಗೆ ಸೇರಿಸಿದೆ.