ಟರ್ಮಿನಲ್‌ನಿಂದ ಡಿವಿಡಿ: ಬರೆಯುವುದು, ತಾಳೆ ನೋಡುವುದು

ಲಿನಕ್ಸ್‌ನಲ್ಲಿ ಡಿಸ್ಕ್ ಬರೆದಾದ ಮೇಲೆ ಇಡೀ ಡ್ರೈವನ್ನು ಎಂಡಿ5ಸಮ್‌ಗೆ (ತಾಳೆ ನೋಡಲು ಬೈಟ್‌ಗಳಿಂದ ಒಂದು ಮೊತ್ತ ತೆಗೆಯುವ ಕಮಾಂಡ್) ಕೊಟ್ಟು, ಐಎಸ್‌ಒ ಫೈಲಿನ (ಡಿಸ್ಕಿಗೆ ಬರೆಯುವ ಇಮೇಜ್, ಅಂದರೆ ಪಡಿಯಚ್ಚು) ಮೊತ್ತಕ್ಕೆ ಹೊಂದಲಿಲ್ಲವೆಂದು ಡಿಸ್ಕನ್ನೇ ಎಸೆಯುವವರಿದ್ದಾರೆ. ಎಸೆಯುವ ಮುಂಚೆ ಎಷ್ಟು ಓದಿದಿರಿ ಎಂದು ನೋಡಿ. ಡಿವಿಡಿಯಲ್ಲಿ ದೋಷ ತಿದ್ದುವ ಒಂದು ಬ್ಲಾಕ್ ಎಂದರೆ 2 ಕಿಲೋಬೈಟಿನ 16 ತುಂಡು (ಸೆಕ್ಟರ್), ಅಂದರೆ 32 ಕಿಲೋಬೈಟ್. ಫೈಲ್ ಬ್ಲಾಕಿನ ನಡುವೆ ಮುಗಿದರೆ ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಆ ಸೊನ್ನೆಗಳೂ ಲೆಕ್ಕಕ್ಕೆ ಸೇರಿದರೆ ಮೊತ್ತ ಹೊಂದುವುದಾದರೂ ಹೇಗೆ?

ಸಿಡಿಯ ಕಥೆ ಬೇರೆ. ಸಿಡಿ ಬರೆಯುವ ವೋಡಿಮ್ ಕಮಾಂಡಿನಲ್ಲಿ ಟಿಎಒ ಕ್ರಮದಲ್ಲಿ (ಒಂದೊಂದು ಟ್ರ್ಯಾಕನ್ನೂ ಬೇರೆಯಾಗಿ) ಬರೆದರೆ ಟ್ರ್ಯಾಕಿನ ಕೊನೆಗೆ ಓದಲಾಗದ ಎರಡು ಸೆಕ್ಟರ್ ಉಳಿಯುತ್ತವೆ, ಓದುವಾಗ ಅಲ್ಲಿ ಇನ್‌ಪುಟ್-ಔಟ್‌ಪುಟ್ ಎರರ್ ಬರುತ್ತದೆ. ಹೈಫನ್ ಡಿಎಒ ಕೊಟ್ಟು ಇಡೀ ಡಿಸ್ಕನ್ನು ಒಂದೇ ಸಲಕ್ಕೆ ಬರೆದರೆ ಈ ತಂಟೆಯಿಲ್ಲ.

ಇಮೇಜ್ ಮಾಡಲು ನನ್ನ ಆಯ್ಕೆ ಕ್ಸೋರಿಸೋ ಎಂಬ ಕಮಾಂಡ್. ಹೈಫನ್ ಆ್ಯಸ್ ಎಂಕೆಐಸೋಎಫ್‌ಎಸ್ ಎಂದರೆ ಎಂಕೆಐಸೋಎಫ್‌ಎಸ್ ಎಂಬ ಹಳೆಯ ಕಮಾಂಡಿನ ಆಯ್ಕೆಗಳೆಲ್ಲ ಅದಕ್ಕೆ ಅರ್ಥವಾಗುತ್ತವೆ: ರಾಕ್ ರಿಡ್ಜ್‌ಗೆ (ಲಿನಕ್ಸ್ ಓದುವ ಉದ್ದ ಹೆಸರುಗಳ ಪದ್ಧತಿ) ಸಣ್ಣ ಆರ್, ಜೋಲಿಯೆಟ್‌ಗೆ (ವಿಂಡೋಸ್ ಓದುವಂಥದ್ದು) ದೊಡ್ಡ ಜೆ, ಔಟ್‌ಪುಟ್ ಫೈಲಿಗೆ ಸಣ್ಣ ಒ. 4 ಜಿಬಿ ಮೀರಿದ ವಿಡಿಯೋ ಇದ್ದರೆ ಐಸೋ-ಲೆವೆಲ್ 3 ಸೇರಿಸಿ. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಜೋಲಿಯೆಟ್ ಒಂದು ಹೆಸರಿಗೆ ಕೊಡುವುದು 64 ಯೂನಿಕೋಡ್ ಚಿಹ್ನೆ. ‘ಕ್ಷ್ಮೀ’ ಎಂಬ ಒಂದೇ ಅಕ್ಷರಕ್ಕೆ ಆರು ಹೋಗುತ್ತವೆ. ರಾಕ್ ರಿಡ್ಜ್‌ನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕಾದ್ದರಿಂದ 85ಕ್ಕೇ ಮುಗಿಯಿತು. ಉದ್ದದ ಹೆಸರುಗಳನ್ನು ಮೊದಲೇ ಮೊಟಕುಗೊಳಿಸುವುದು ಲೇಸು.

ಗಾತ್ರವನ್ನು ಬೈಟ್‌ನಲ್ಲೇ ನೋಡಿ. ಡಿವಿಡಿ ಪ್ಲಸ್ ಆರ್ ಹಿಡಿಯುವುದು 4,70,03,72,992 ಬೈಟ್, ಮೈನಸ್ ಆರ್ 4,70,73,19,808. ಮೈನಸ್‌ಗೆ ಅಂಚಿನವರೆಗೆ ತುಂಬಿದ ಇಮೇಜ್ ಪ್ಲಸ್‌ಗೆ ಹಿಡಿಸುವುದಿಲ್ಲ.

ಡಿವಿಡಿ ಬರೆಯಲು ಗ್ರೋಐಸೋಎಫ್‌ಎಸ್ ಎಂಬ ಕಮಾಂಡ್: ಹೈಫನ್ ಸ್ಪೀಡ್=4, ಹೈಫನ್ ಡಿವಿಡಿ-ಕಂಪ್ಯಾಟ್, ಹೈಫನ್ ದೊಡ್ಡ ಝಡ್, ಆಮೇಲೆ /ಡೆವ್/ಎಸ್‌ಆರ್0 (ಲಿನಕ್ಸ್‌ನಲ್ಲಿ ಡಿಸ್ಕ್ ಡ್ರೈವಿನ ಹೆಸರು), ಸಮ ಚಿಹ್ನೆ, ಫೈಲಿನ ಹೆಸರು, ನಡುವೆ ಜಾಗ ಬಿಡದೆ. ಡಿವಿಡಿ-ಕಂಪ್ಯಾಟ್ ಕೊಟ್ಟರೆ ಡಿಸ್ಕ್ ಮುಚ್ಚಿಕೊಳ್ಳುತ್ತದೆ. ಮುಂದೆ ಇನ್ನಷ್ಟು ಫೈಲ್ ಸೇರಿಸುವ ಯೋಚನೆಯಿದ್ದರೆ ಆ ಆಯ್ಕೆಯನ್ನು ಕೊಡಬೇಡಿ. ಡೆಬಿಯನ್, ಉಬುಂಟುಗಳಲ್ಲಿ ಅನುಮತಿ ಇಲ್ಲ ಎಂದರೆ ಡ್ರೈವ್ ಬಳಸುವ ಹಕ್ಕಿರುವ ಸಿಡಿರಾಮ್ ಗುಂಪಿನಲ್ಲಿ ನೀವಿಲ್ಲ ಎಂದರ್ಥ.

ಮುಗಿದ ಕೂಡಲೇ ಇಜೆಕ್ಟ್ ಮಾಡಿ ಮತ್ತೆ ಒಳಗೆ ತಳ್ಳಿ. ಇಲ್ಲದಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಖಾಲಿ ಡಿಸ್ಕಿನ ಹಳೆಯ ಅಳತೆಯನ್ನೇ ಹಿಡಿದು ಕೂತಿರಬಹುದು. ಆಮೇಲೆ ಎರಡನ್ನು ಬೈಟ್ ಬೈಟಾಗಿ ಹೋಲಿಸುವ ಸಿಎಂಪಿ ಎಂಬ ಪುಟ್ಟ ಕಮಾಂಡಿಗೆ ಮೊದಲು ಐಎಸ್‌ಒ ಫೈಲನ್ನೂ ನಂತರ /ಡೆವ್/ಎಸ್‌ಆರ್0ಅನ್ನೂ ಕೊಡಿ. ಐಎಸ್‌ಒ ಫೈಲಿನಲ್ಲಿ ಇಒಎಫ್ (ಫೈಲಿನ ಕೊನೆ) ಬಂತೆಂದು ಗೊಣಗಿದರೆ ಅದೇ ಶುಭ ಸಮಾಚಾರ: ಫೈಲ್ ಮುಗಿಯುವವರೆಗೆ ಎಲ್ಲ ಬೈಟೂ ಒಂದೇ. ‘ಡಿಫರ್’ ಎಂದು ಬೈಟಿನ ಸಂಖ್ಯೆ ಹೇಳಿದರೆ ಅಥವಾ ನಡುವೆ ಓದುವುದೇ ನಿಂತರೆ ಡಿಸ್ಕ್ ನಿಜಕ್ಕೂ ಕೆಟ್ಟಿದೆ. ಬರಹ ಒಳಗಿನಿಂದ ಹೊರಕ್ಕೆ ಹೋಗುವುದರಿಂದ ಅಗ್ಗದ ಡಿಸ್ಕುಗಳು ಕೈಕೊಡುವುದು ಹೆಚ್ಚಾಗಿ ಹೊರ ಅಂಚಿನಲ್ಲಿ. ಅದೇ ಬ್ರ್ಯಾಂಡನ್ನೇ ಬಳಸಬೇಕಿದ್ದರೆ 4 ಜಿಬಿಗೆ ನಿಲ್ಲಿಸಿ.