ಮೈಸೂರಿನಲ್ಲಿ ಎರಡನೇ ಕೆಲಸ

ಭಾನುವಾರ ಸಂಜೆ ಆರರ ಮೇಲೆ ಬೆಂಗಳೂರು ರಸ್ತೆಯ ಕೊಲಂಬಿಯಾ ಏಷ್ಯಾ ಸಿಗ್ನಲ್ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಆಸ್ಪತ್ರೆಯ ಹೆಸರು ಬದಲಾಗಿ ವರ್ಷಗಳೇ ಆದವು, ಸಿಗ್ನಲ್‌ಗೆ ಮಾತ್ರ ನಾವು ಇನ್ನೂ ಹಳೆ ಹೆಸರೇ ಹೇಳುತ್ತೇವೆ. ಬೆಂಗಳೂರು ಬಸ್ಸಿಗೆ ಕಾಯುವವರ ಬೆನ್ನ ಮೇಲೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲೊಂದು ಬಟ್ಟೆ ಚೀಲ. ಆ ಚೀಲದಲ್ಲಿ ಏನಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು, ಆರು ವರ್ಷ ನಾನೂ ಹೊತ್ತಿದ್ದೇನೆ. ಸಾರಿನ ಪುಡಿ, ಚಟ್ನಿಪುಡಿ, ರಾತ್ರಿಗೆ ಅಂತ ಸ್ಟೀಲ್ ಡಬ್ಬಿಯಲ್ಲಿ ಚಪಾತಿ ಪಲ್ಯ, ಇಸ್ತ್ರಿ ಮಾಡಿದ ನಾಲ್ಕು ಶರ್ಟು. ಸ್ಕೂಟರಿನಲ್ಲಿ ಬಿಡಲು ಬಂದ ಅಪ್ಪಂದಿರು ಬಸ್ಸು ಹೊರಡುವ ತನಕ ಅಲ್ಲಿಂದ ಕದಲುವುದಿಲ್ಲ.

ಹೋದ ಭಾನುವಾರ ನಾನು ಅಲ್ಲಿಗೆ ಬಿಡಲು ಹೋಗಿದ್ದು ನನ್ನ ಗೆಳೆಯನನ್ನು. ಅವನೇನು ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನಲ್ಲ. ಬೋಗಾದಿಯಲ್ಲಿ ಸ್ವಂತ ಮನೆ ಇದೆ, ಮನೆ ಸಾಲ ತೀರಲು ಇನ್ನೂ ಹನ್ನೊಂದು ವರ್ಷ ಇದೆ. ಹೆಂಡತಿ ಇಲ್ಲೇ ಒಂದು ಶಾಲೆಯಲ್ಲಿ ಟೀಚರ್. ಮಗಳು ಮೂರನೇ ಕ್ಲಾಸು. ತಾಯಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ. ಎಂಟು ವರ್ಷದಿಂದ ಮೈಸೂರಿನಲ್ಲೇ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದ. ಕಂಪನಿಯ ಹೆಸರು ಬೇಡ. ಹೊರದೇಶದ ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸಿದರು, ಎರಡು ತಿಂಗಳು ಬೆಂಚಿನಲ್ಲಿ, ಅಂದ್ರೆ ಯಾವ ಪ್ರಾಜೆಕ್ಟೂ ಕೊಡದೆ, ಕೂರಿಸಿದರು, ಆಮೇಲೆ ಒಂದು ದಿನ ಕರೆದು ಬೇರೆ ಕಡೆ ನೋಡಿಕೊಳ್ಳಿ ಅಂದರು.

ಆ ವಾರ ನಾವಿಬ್ಬರೂ ಕುವೆಂಪುನಗರದ ಒಂದು ಹೋಟೆಲಿನಲ್ಲಿ ಕೂತಿದ್ದೆವು. ಸೆಟ್ ದೋಸೆ ಹೇಳಿ, ಅವನು ಫೋನ್ ತೆಗೆದು ಕೆಲಸ ಹುಡುಕುವ ಆ್ಯಪಿನಲ್ಲಿ ಊರು ಮೈಸೂರು, ಅನುಭವ ಹದಿಮೂರು ವರ್ಷ ಅಂತ ಹಾಕಿದ. ಏಳು ಬಂತು. ಒಂದೊಂದನ್ನೇ ತೆಗೆದು ನೋಡಿದೆವು. ಮೂರು ಒಂದೇ ಕೆಲಸ, ಬೇರೆ ಬೇರೆ ಕನ್ಸಲ್ಟೆನ್ಸಿಯವರು ಹಾಕಿದ್ದು. ಇನ್ನೊಂದು ನಾಲ್ಕು ತಿಂಗಳು ಹಳೆಯದು. ಮತ್ತೊಂದು ಅವನನ್ನು ಕಳಿಸಿದ ಕಂಪನಿಯದೇ. ಉಳಿದ ಎರಡಕ್ಕೆ ಎರಡು ವರ್ಷ ಅನುಭವ ಇದ್ದವರು ಸಾಕಂತೆ. ಅವನು ಏನೂ ಮಾತಾಡಲಿಲ್ಲ. ಊರಿನ ಜಾಗದಲ್ಲಿ ಬೆಂಗಳೂರು ಅಂತ ಒತ್ತಿದ. ಹೆಬ್ಬೆರಳಲ್ಲಿ ಎಷ್ಟು ಸಲ ಮೇಲಕ್ಕೆ ತಳ್ಳಿದರೂ ಆ ಪಟ್ಟಿ ಮುಗಿಯಲೇ ಇಲ್ಲ. ಬಂದ ದೋಸೆ ಹಾಗೇ ಆರಿ ಹೋಯಿತು.

ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಕೂತಿದೆ. ನಮ್ಮೂರಿನಲ್ಲಿ ಐಟಿ ಕೆಲಸ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಇಲ್ಲದೇ ಇರುವುದು ಎರಡನೇ ಕೆಲಸ. ಅಂದ್ರೆ, ಒಂದು ಹೋದರೆ ಅದೇ ಮನೆಯಲ್ಲಿ ಇದ್ದುಕೊಂಡು ಹೋಗಬಹುದಾದ ಇನ್ನೊಂದು. ಬೆಂಗಳೂರಿನಲ್ಲಿ ಸ್ವಿಚ್ ಮಾಡಿದರೆ, ಅಂದ್ರೆ ಕಂಪನಿ ಬದಲಾಯಿಸಿದರೆ, ಹೆಚ್ಚೆಂದರೆ ಹತ್ತುವ ಬಸ್ಸಿನ ನಂಬರ್ ಬದಲಾಗುತ್ತದೆ. ಇಲ್ಲಿ ಸ್ವಿಚ್ ಮಾಡಬೇಕು ಅಂದ್ರೆ ಮಗಳ ಶಾಲೆ, ಹೆಂಡತಿಯ ಕೆಲಸ, ತಾಯಿಯ ಡಾಕ್ಟರು ಎಲ್ಲವನ್ನೂ ಬದಲಾಯಿಸಬೇಕು, ಇಲ್ಲಾಂದ್ರೆ ವಾರಕ್ಕೆ ಐದು ದಿನ ಮನೆ ಬಿಟ್ಟಿರಬೇಕು. ನನ್ನ ಗೆಳೆಯ ಎರಡನೆಯದನ್ನು ಆರಿಸಿಕೊಂಡ.

ಇದು ಕೆಲಸ ಕಳೆದುಕೊಂಡವರ ವಿಷಯ ಮಾತ್ರ ಅಲ್ಲ. ಕೆಲಸದಲ್ಲಿ ಇರುವವರಿಗೂ ಇದೇ ಕಟ್ಟು. ಸಂಬಳ ಜಾಸ್ತಿ ಮಾಡಿ ಅಂತ ಗಟ್ಟಿಯಾಗಿ ಕೇಳಬೇಕು ಅಂದ್ರೆ ಜೇಬಿನಲ್ಲಿ ಇನ್ನೊಂದು ಆಫರ್ ಇರಬೇಕು, ಅಲ್ವಾ? ಇವನು ಎಲ್ಲಿಗೂ ಹೋಗುವುದಿಲ್ಲ, ಮೈಸೂರಲ್ಲಿ ಮನೆ ಕಟ್ಟಿದ್ದಾನೆ ಅಂತ ಎದುರಿಗೆ ಕೂತವರಿಗೂ ಗೊತ್ತಿರುತ್ತದೆ. ಇನ್ನು ಸಣ್ಣ ಕಂಪನಿ ನಡೆಸುವವರನ್ನು ಕೇಳಿ, ಮೈಸೂರಲ್ಲಿ ಅನುಭವ ಇರೋ ಜನ ಸಿಗಲ್ಲ ಅಂತಾರೆ. ಅವರು ಹೇಳುವುದೂ ನಿಜ. ನಲವತ್ತು ಜನರ ಕಂಪನಿಯನ್ನು ನಂಬಿ ಸಂಸಾರ ಸಮೇತ ಬಂದವನು, ಆ ಕಂಪನಿ ಎರಡು ವರ್ಷದಲ್ಲಿ ಮುಚ್ಚಿದರೆ ಎಲ್ಲಿಗೆ ಹೋಗಬೇಕು? ಅದಕ್ಕೇ ಅವನು ಬರುವುದಿಲ್ಲ, ಅವನು ಬರುವುದಿಲ್ಲ ಅಂತ ಇನ್ನೊಂದು ಕಂಪನಿ ಬಾಗಿಲು ತೆಗೆಯುವುದಿಲ್ಲ. ಜನ ಸಿಗಲ್ಲ ಅನ್ನುವವರನ್ನು ಒಂದು ಭಾನುವಾರ ಆ ಸಿಗ್ನಲ್‌ಗೆ ಕರೆದುಕೊಂಡು ಹೋಗಿ ತೋರಿಸಬೇಕು ಅನ್ನಿಸುತ್ತದೆ ನನಗೆ.

ಓದಿಸುವುದರಲ್ಲಿ ನಮ್ಮೂರು ಹಿಂದೆ ಬಿದ್ದದ್ದೇ ಇಲ್ಲ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎನ್‌ಐಇ ಶುರುವಾಗಿದ್ದು 1946ರಲ್ಲಿ, ಎಸ್‌ಜೆಸಿಇ 1963ರಲ್ಲಿ. ಆ ಎನ್‌ಐಇಯಲ್ಲೇ ಓದಿ 1967ರಲ್ಲಿ ಇಂಜಿನಿಯರಿಂಗ್ ಮುಗಿಸಿದವರು ನಾರಾಯಣ ಮೂರ್ತಿ. ಅವರು ಜೊತೆಯವರನ್ನು ಸೇರಿಸಿಕೊಂಡು 1981ರಲ್ಲಿ ಇನ್ಫೋಸಿಸ್ ಶುರು ಮಾಡಿದ್ದು ಪುಣೆಯಲ್ಲಿ. ಆಮೇಲೆ ಅದೇ ಕಂಪನಿ ಮೈಸೂರಿನ ಹೆಬ್ಬಾಳಕ್ಕೆ ಬಂದು ಇಷ್ಟು ದೊಡ್ಡ ಕ್ಯಾಂಪಸ್ ಕಟ್ಟಿತು. 2009ರಲ್ಲಿ ಎರಡನೇ ತರಬೇತಿ ಕೇಂದ್ರವೂ ಸೇರಿದ ಮೇಲೆ ಒಂದೇ ಸಲಕ್ಕೆ 10,000ಕ್ಕೂ ಹೆಚ್ಚು ಜನರಿಗೆ ಅಲ್ಲಿ ಕಲಿಸುವ ವ್ಯವಸ್ಥೆ ಆಯಿತು. ಶನಿವಾರ ಭಾನುವಾರ ದೇವರಾಜ ಅರಸು ರಸ್ತೆಯಲ್ಲಿ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಹಿಂದಿ, ತೆಲುಗು, ಬಂಗಾಳಿ ಮಾತಾಡಿಕೊಂಡು ಓಡಾಡುವ ಮಕ್ಕಳಲ್ಲಿ ಎಷ್ಟೋ ಜನ ಅಲ್ಲಿಯವರೇ. ಮೊದಲ ಸಂಬಳದಲ್ಲಿ ಅಮ್ಮನಿಗೆ ಮೈಸೂರು ಸಿಲ್ಕ್ ಸೀರೆ ಕೊಳ್ಳುವ ಹುಡುಗಿಯರನ್ನು ನೋಡಿದಾಗ ತುಂಬಾ ಖುಷಿಯಾಗುತ್ತದೆ. ಕೆಲವು ತಿಂಗಳು ಇದ್ದು, ಟ್ರೈನಿಂಗ್ ಮುಗಿಸಿ, ಪೋಸ್ಟಿಂಗ್ ಸಿಕ್ಕ ಊರಿಗೆ ಹೋಗುತ್ತಾರೆ. ಅಲ್ಲಿ ಕಾಯಂ ಆಗಿ ಕೆಲಸ ಮಾಡುವವರೂ ಇದ್ದಾರೆ, ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಆದರೆ ಒಂದು ಕ್ಯಾಂಪಸ್ ಎಷ್ಟೇ ದೊಡ್ಡದಿರಲಿ, ಎರಡನೇ ಕೆಲಸದ ಲೆಕ್ಕಕ್ಕೆ ಬಂದಾಗ ಅದು ಒಂದೇ.

ಇಲ್ಲೇ ಹುಟ್ಟಿ ದೊಡ್ಡದಾದವೂ ಇವೆ. ಎಲೆಕ್ಟ್ರಾನಿಕ್ಸ್ ಮಾಡುವ ಕೇನ್ಸ್ 1988ರಲ್ಲಿ ಮೈಸೂರಿನಲ್ಲೇ ಶುರುವಾಗಿದ್ದು, 2022ರ ನವೆಂಬರಿನಲ್ಲಿ ಷೇರು ಮಾರುಕಟ್ಟೆಗೆ ಬಂತು. ಕಲಿಕೆಗೆ, ಪರೀಕ್ಷೆಗೆ ಬೇಕಾದ ಸಾಫ್ಟ್‌ವೇರ್ ಮಾಡುವ ಎಕ್ಸೆಲ್‌ಸಾಫ್ಟ್ 2000ದಲ್ಲಿ ಶುರುವಾಗಿದ್ದೂ ಇಲ್ಲೇ. ಇಂಥವು ಇನ್ನೂ ಮೂವತ್ತು ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಮ್ಮ ಮನೆ ಹತ್ತಿರ ಒಬ್ಬ ಮೆಕ್ಯಾನಿಕ್ ಅಂಕಲ್ ಇದ್ದಾರೆ. ಯಾದವಗಿರಿಯ ಐಡಿಯಲ್ ಜಾವಾದಲ್ಲಿ ಕೆಲಸ ಮಾಡಿದವರು. 1961ರಲ್ಲಿ ಶುರುವಾದ ಆ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂಕಲ್ ಒಂದು ಶೆಡ್ ಬಾಡಿಗೆಗೆ ಹಿಡಿದು ಗ್ಯಾರೇಜ್ ಹಾಕಿದರು, ಇವತ್ತಿಗೂ ಹಳೆ ಜಾವಾ, ಯೆಜ್ಡಿ ಗಾಡಿಗಳನ್ನು ಬೇರೆ ಊರುಗಳಿಂದ ಅವರ ಹತ್ತಿರ ತರುತ್ತಾರೆ. ಕಿಕ್ ಹೊಡೆದ ಸದ್ದು ಕೇಳಿ ಎಲ್ಲಿ ತೊಂದರೆ ಅಂತ ಹೇಳಿಬಿಡುತ್ತಾರೆ. ಅವರ ಕೈಯಲ್ಲಿ ವಿದ್ಯೆ ಇತ್ತು, ಗಾಡಿ ಓಡಿಸುವವರು ಪಕ್ಕದ ಬೀದಿಯಲ್ಲೇ ಇದ್ದರು. ನನ್ನ ಗೆಳೆಯನ ಕೈಯಲ್ಲೂ ವಿದ್ಯೆ ಇದೆ. ಅವನು ಟೆಸ್ಟ್ ಮಾಡುತ್ತಿದ್ದ ಸಾಫ್ಟ್‌ವೇರ್ ಬಳಸುವವರು ಏಳು ಸಮುದ್ರದ ಆಚೆ ಇದ್ದಾರೆ. ಶೆಡ್ ಹಾಕಿ ಕೂತರೆ ಯಾರು ಬರುತ್ತಾರೆ?

ಎಕ್ಸ್‌ಪ್ರೆಸ್‌ವೇ ಆಗಿದೆಯಲ್ಲ, ದಿನಾ ಹೋಗಿಬರಬಹುದಲ್ಲ ಅಂತ ಕೇಳುವವರಿದ್ದಾರೆ. 2023ರ ಮಾರ್ಚಿನಲ್ಲಿ ಮಂಡ್ಯದಲ್ಲಿ ಅದರ ಉದ್ಘಾಟನೆ ಆದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಕೆಂಗೇರಿ ತನಕ ಏನೋ ಸುಮ್ನೆ ಹೋಗಿಬಿಡುತ್ತೇವೆ. ಅಲ್ಲಿಂದ ವೈಟ್‌ಫೀಲ್ಡ್ ಮುಟ್ಟುವುದು ಇನ್ನೊಂದು ಪ್ರಯಾಣ. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪಾಸ್ ಇಟ್ಟುಕೊಂಡು ದಿನಾ ಓಡಾಡುವ ಮಂಡ್ಯ, ಮದ್ದೂರಿನ ಜನರ ಬಗ್ಗೆ ನನಗೆ ತುಂಬಾ ಗೌರವ ಇದೆ. ರೈಲಿನಲ್ಲೇ ಹೂ ಕಟ್ಟುವವರು, ಸೊಪ್ಪು ಬಿಡಿಸುವವರು, ನಿಂತೇ ನಿದ್ದೆ ಮಾಡುವವರು. ಅಂಥ ಬಾಳನ್ನು ಅನುಕೂಲ ಅಂತ ಕರೆಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ನಾನು ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಮೈಸೂರಿಗೆ ವಾಪಸ್ ಬಂದೆ. ವಿಜಯನಗರದಲ್ಲಿ ಮಹಡಿ ಮೇಲಿನ ಆಫೀಸು, ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ, ಕೆಳಗಡೆ ಹಿಟ್ಟಿನ ಗಿರಣಿ. ಕೈಗೆ ಬರುವ ಸಂಬಳ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಮಧ್ಯಾಹ್ನ ಮನೆಗೆ ಹೋಗಿ ಅಮ್ಮನ ಜೊತೆ ಊಟ ಮಾಡಿ ಬರುತ್ತೇನೆ, ಅದರ ಬೆಲೆ ನನಗೆ ಗೊತ್ತು. ಈ ಕಂಪನಿ ನಾಳೆ ಇಲ್ಲದಿದ್ದರೆ ನನ್ನ ಚೀಲವೂ ಮತ್ತೆ ಆ ಸಿಗ್ನಲ್‌ಗೇ ಹೋಗಬೇಕು, ಅದೂ ಗೊತ್ತು.

ಸರ್ಕಾರ 'ಬಿಯಾಂಡ್ ಬೆಂಗಳೂರು' ಅಂತ ಕಂಪನಿಗಳನ್ನು ಬೇರೆ ಊರುಗಳಿಗೆ ಕರೆಯುತ್ತಿದೆ. ಕರೆಯಲಿ. ನನ್ನ ಆಸೆ ಏನೆಂದರೆ, ಐದು ಸಾವಿರ ಜನರ ಇನ್ನೊಂದು ಗೇಟು ಬರುವುದಕ್ಕಿಂತ ಐವತ್ತು ಜನರ ನೂರು ಆಫೀಸು ಬರಲಿ. ಒಂದರಿಂದ ಇನ್ನೊಂದಕ್ಕೆ ಸ್ಕೂಟರಿನಲ್ಲಿ ಹತ್ತು ನಿಮಿಷದಲ್ಲಿ ಹೋಗುವಂತಿರಲಿ.

ಬಸ್ಸು ಬರುವ ಮೊದಲು ಗೆಳೆಯನಿಗೆ ಹೇಳಿದೆ, ನಮ್ಮಲ್ಲಿ ಟೆಸ್ಟಿಂಗ್‌ಗೆ ಒಂದು ಜಾಗ ಖಾಲಿಯಾಗುತ್ತಿದೆ, ಸಂಬಳ ಮಾತ್ರ ಕಡಿಮೆ ಅಂತ. "ಎಷ್ಟು ಕಡಿಮೆ ಹೇಳೋ, ಮನೆ ಸಾಲ ಕಟ್ಟೋಕೆ ಆಗುತ್ತಾ?" ಅಂದ. ಇಬ್ಬರೂ ಅಲ್ಲೇ ನಿಂತು ಫೋನಿನಲ್ಲಿ ಲೆಕ್ಕ ಹಾಕಿದೆವು. ಎರಡೂವರೆ ಸಾವಿರ ಕಡಿಮೆ ಬೀಳುತ್ತೆ. ಹೆಂಡತಿ ಹತ್ತಿರ ಮಾತಾಡಿ ಹೇಳ್ತೀನಿ ಅಂತ ಬಸ್ಸು ಹತ್ತಿದ.

ನಾವು ನಾಲ್ಕು ಜನ ಸೇರಿ ಒಂದು ಗೂಗಲ್ ಶೀಟ್ ಮಾಡಿದ್ದೇವೆ, ಮೈಸೂರಿನಲ್ಲಿ ಐದು ವರ್ಷಕ್ಕಿಂತ ಜಾಸ್ತಿ ಅನುಭವ ಇದ್ದವರನ್ನು ತೆಗೆದುಕೊಳ್ಳುವ ಕಂಪನಿಗಳ ಪಟ್ಟಿ. ಇವತ್ತಿಗೆ ಇಪ್ಪತ್ತಮೂರು ಹೆಸರಾಗಿದೆ. ಹೆಬ್ಬಾಳ, ಹೂಟಗಳ್ಳಿ, ಜಯಲಕ್ಷ್ಮೀಪುರಂ, ಗೋಕುಲಂ, ನಿಮ್ಮ ಬೀದಿಯಲ್ಲಿ ಬೋರ್ಡೇ ಇಲ್ಲದ ಮಹಡಿ ಮೇಲೆ ಹತ್ತು ಹುಡುಗರು ಲ್ಯಾಪ್‌ಟಾಪ್ ಮುಂದೆ ಕೂತಿದ್ದರೂ ಸರಿ, ಜಾಗ ಎಲ್ಲಿ ಅಂತ ಹೇಳಿ. ನಾನೇ ಹೋಗಿ ವಿಚಾರಿಸಿಕೊಂಡು ಬರುತ್ತೇನೆ.