ಸುಮ್ನೆ ನಿಲ್ಲೋಕೊಂದು ನಾಯಿ

ಬರ್ಲಿನ್ನಿನಲ್ಲಿ ಯಾರೂ ಸುಮ್ನೆ ನಿಂತಿರುವುದಿಲ್ಲ. ನಿಂತಿದ್ದರೆ ಬಸ್ಸಿಗೆ ಕಾಯುತ್ತಿರುತ್ತಾರೆ, ಇಲ್ಲಾ ಸಿಗರೇಟು ಸೇದುತ್ತಿರುತ್ತಾರೆ, ಇಲ್ಲಾ ರಸ್ತೆಯಲ್ಲಿ ಒಂದೂ ಗಾಡಿ ಇಲ್ಲದಿದ್ದರೂ ಸಿಗ್ನಲ್ ಹಸಿರಾಗಲಿ ಅಂತ ಕಾಯುತ್ತಿರುತ್ತಾರೆ. ನಮ್ಮ ಕಡೆ ರಾತ್ರಿ ಊಟ ಮುಗಿಸಿ ಲುಂಗಿಯಲ್ಲೇ ಗೇಟಿನ ಹತ್ತಿರ ಅರ್ಧ ಗಂಟೆ ನಿಂತರೂ ಯಾಕೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ನಮ್ಮ ಕಟ್ಟಡದ ಕೆಳಗೆ ಹಾಗೇ ನಿಂತಿದ್ದೆ. ಒಬ್ಬರು ಬಂದು "ಯಾರನ್ನಾದರೂ ಹುಡುಕ್ತಿದ್ದೀರಾ?" ಅಂದರು. ಮರ್ಯಾದೆಯಾಗಿಯೇ ಕೇಳಿದರು. ನಾನು ಮಾತ್ರ ಗಾಬರಿಯಲ್ಲಿ ಜೇಬಿನಿಂದ ಮನೆ ಬೀಗದ ಕೈ ತೆಗೆದು ತೋರಿಸಿಬಿಟ್ಟೆ. ನಾಯಿ ಬಂದ ಮೇಲೆ ನನ್ನನ್ನು ಹಾಗೆ ಕೇಳಿದವರಿಲ್ಲ. ಕೈಯಲ್ಲೊಂದು ಹಗ್ಗ ಇದ್ದರೆ ಯಾವ ಮೂಲೆಯಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ನಾಯಿ ಬೇಕೇ ಬೇಕು ಅಂತ ಹಟ ಹಿಡಿದವಳು ಹೆಂಡತಿ. ಮೊದಲು ಫಾಲ್ಕೆನ್‌ಬರ್ಗಿನಲ್ಲಿರುವ ಟೀಯರ್‌ಹೈಮ್ ಬರ್ಲಿನ್‌ಗೆ ಹೋಗಿ ನೋಡಿದೆವು. ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗ ಅದು, 2001ರಲ್ಲಿ ಶುರುವಾಗಿದ್ದು. 16 ಹೆಕ್ಟೇರ್ ನೆಲ, ಎಲ್ಲೆಲ್ಲೂ ಕಾಂಕ್ರೀಟು, ಮಧ್ಯೆ ನೀರು. ಹಾಲಿವುಡ್‌ನವರು ಭವಿಷ್ಯದ ಕಥೆಯೊಂದರ ಶೂಟಿಂಗಿಗೆ ಅಲ್ಲಿಗೇ ಬಂದಿದ್ದರು ಅಂದರೆ ಹೇಗಿರಬಹುದು ನೋಡಿ. ಆದರೆ ಅವತ್ತು ಅಲ್ಲಿದ್ದ ನಾಯಿಗಳಲ್ಲಿ ಹೆಚ್ಚಿನವು ಸಾಕಿ ಅನುಭವ ಇದ್ದವರಿಗೇ ಸರಿ ಅನ್ನಿಸುವಂಥವು. ಕೊನೆಗೆ ನಮಗೆ ಸಿಕ್ಕಿದ್ದು ರೊಮೇನಿಯಾದ ಬೀದಿನಾಯಿ. ಅಲ್ಲಿಂದ ಹೀಗೆ ನಾಯಿಗಳನ್ನು ತರಿಸಿ ಸಾಕುವುದು ಜರ್ಮನಿಯಲ್ಲಿ ಮಾಮೂಲಿ.

ನಡುರಾತ್ರಿ ದಾಟಿದ ಮೇಲೆ, ಹೆದ್ದಾರಿ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಅವನನ್ನು ನಮ್ಮ ಕೈಗೆ ಕೊಟ್ಟರು. ವ್ಯಾನಿನ ಹಿಂದಿನ ಬಾಗಿಲು ತೆರೆದ ತಕ್ಷಣ ಸಾಲಾಗಿ ಪಂಜರಗಳು, ಒಳಗೆಲ್ಲ ಬರೀ ಕಣ್ಣು. ಕೊರಳಪಟ್ಟಿಗೆ ಒಂದು ಹಗ್ಗ, ಎದೆಗೆ ಕಟ್ಟಿದ ಪಟ್ಟಿಗೆ ಇನ್ನೊಂದು. ಹೆದರಿದ ನಾಯಿ ಒಂದರಿಂದ ನುಸುಳಿಕೊಂಡರೂ ಇನ್ನೊಂದು ಹಿಡಿದಿರುತ್ತದೆ. ಜೊತೆಗೆ ನೀಲಿ ಪಾಸ್‌ಪೋರ್ಟು. ಅದರಲ್ಲಿ ಚರ್ಮದಡಿ ಕೂರಿಸಿದ ಗುರುತಿನ ಚಿಪ್ ನಂಬರು, ರೇಬಿಸ್ ಲಸಿಕೆಯ ಸ್ಟಿಕ್ಕರು, ವೆಟ್ ಸಹಿ, ಎಲ್ಲ ಅಚ್ಚುಕಟ್ಟು. ನನ್ನ ವೀಸಾ ಕಾಗದಗಳು ಯಾವತ್ತೂ ಹಾಗಿರಲಿಲ್ಲ. ಕೆಂಚು ಮೈ ಇದ್ದದ್ದರಿಂದ ಕೆಂಚ ಅಂತ ಹೆಸರಿಟ್ಟೆವು. ಯುರೋಪಿಯನ್ ಒಕ್ಕೂಟದ ಒಳಗಿನ ದೇಶದಿಂದ ಬಂದ ಕಾರಣ ಕೆಂಚನ ಕೆಲಸ ಇಷ್ಟು ಸಲೀಸಾಯಿತು. ಭಾರತದಿಂದ ಸ್ವಂತ ನಾಯಿ ತರುವವರ ಪಾಡೇ ಬೇರೆ. ಮೊದಲು ಚಿಪ್, ಆಮೇಲೆ ಲಸಿಕೆ. ಅದಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಯುರೋಪು ಒಪ್ಪಿದ ಲ್ಯಾಬಿಗೆ ಕಳಿಸಬೇಕು. ರೇಬಿಸ್ ತಡೆಯುವ ಶಕ್ತಿ ರಕ್ತದಲ್ಲಿ ಬೇಕಾದಷ್ಟಿದೆ ಅಂತ ಪರೀಕ್ಷೆಯಲ್ಲಿ ಬಂದರೂ ಸಾಲದು, ರಕ್ತ ಕೊಟ್ಟ ದಿನದಿಂದ ಮೂರು ತಿಂಗಳು ಕಾಯಬೇಕು. ಪರಿಚಯದವರೊಬ್ಬರು ಹೀಗೇ ತಂದರು. ನಾಯಿ ಬರುವಷ್ಟರಲ್ಲಿ ಅವರು ಮನೆಯನ್ನೇ ಬದಲಾಯಿಸಿದ್ದರು.

ಆಮೇಲೆ ತೆರಿಗೆ. ಬರ್ಲಿನ್ನಿನಲ್ಲಿ ನಾಯಿ ಇಟ್ಟುಕೊಂಡರೆ ವರ್ಷಕ್ಕೆ 120 ಯೂರೋ. ಎರಡನೇ ನಾಯಿ ಇದ್ದರೆ ಅದಕ್ಕೆ 180. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಾಯಿಗೂ ಕಂದಾಯಾನಾ? ಅದೂ ಎರಡನೇದಕ್ಕೆ ಜಾಸ್ತಿ? ಕಮ್ಮಿ ಅಲ್ವಾ ಮಾಡಬೇಕಾಗಿದ್ದು?"

"ಇನ್ಶೂರೆನ್ಸೂ ಮಾಡಿಸ್ಲೇಬೇಕಮ್ಮ. ಯಾರಿಗಾದ್ರೂ ಕಚ್ಚಿದ್ರೆ ಅಂತ."

"ನಿಮ್ಮಪ್ಪನಿಗೆ ಇವತ್ತಿನವರೆಗೂ ಯಾರೂ ಮಾಡಿಸಿಲ್ಲ," ಅಂದಳು.

ಮೊದಲ ದಿನಗಳ ಒಂದು ವಿಷಯ ಹೇಳಬೇಕು. ವಾಕಿಂಗ್ ಹೋದಾಗ ಕೆಂಚನ ಕಕ್ಕ ಎತ್ತಲು ನಾನು ಬಗ್ಗಿದರೆ ಸಾಕು, ಅವನು ಹಗ್ಗದ ಕೊನೆಯವರೆಗೂ ಹಾರಿ, ಹೊಟ್ಟೆ ನೆಲಕ್ಕೆ ತಾಗಿಸಿ ಕುಗ್ಗಿ ಕೂರುತ್ತಿದ್ದ. ಶೂ ಲೇಸು ಕಟ್ಟಲು ಬಗ್ಗಿದರೂ ಅಷ್ಟೇ. ಹೆಂಡತಿಗೆ ಅರ್ಥವಾಗಲಿಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಕಲ್ಲು! ನಮ್ಮ ಕಡೆ ನಾಯಿ ಅಟ್ಟಿಸಿಕೊಂಡು ಬಂದರೆ ಮಕ್ಕಳಿಗೆ ದೊಡ್ಡವರು ಹೇಳಿಕೊಡುವುದೇ ಇದು. ಕಲ್ಲು ಸಿಗದಿದ್ದರೂ ಪರವಾಗಿಲ್ಲ, ಎತ್ತಿಕೊಳ್ಳುವ ಹಾಗೆ ಬಗ್ಗು, ಓಡಿಹೋಗುತ್ತದೆ. ರೊಮೇನಿಯಾದ ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಾರೆ ಅಂತ ಕಾಣುತ್ತದೆ. ನಾನು ಆ ಕಡೆಯವನು, ಕೆಂಚ ಈ ಕಡೆಯವನು. ಆಟ ಇಬ್ಬರಿಗೂ ಗೊತ್ತಿತ್ತು. ಬಗ್ಗುವುದನ್ನು ಬಿಡುವ ಹಾಗೂ ಇಲ್ಲ. ಕಕ್ಕ ಎತ್ತುವ ಚೀಲ ಜೇಬಿನಲ್ಲಿ ಇರಲೇಬೇಕು ಅಂತ ಇಲ್ಲಿನ ಕಾನೂನು. ಹಾಗಾಗಿ ನಿಧಾನಕ್ಕೆ, ಅವನಿಗೆ ಬೆನ್ನು ಮಾಡಿ ಬಗ್ಗುವುದನ್ನು ರೂಢಿ ಮಾಡಿಕೊಂಡೆ. ನೋಡಿದವರು ಸೊಂಟ ಹಿಡಿದಿದೆ ಅಂದುಕೊಂಡಿರಬೇಕು.

ಹೆದರಿಕೆ ಅವನದಷ್ಟೇ ಅಲ್ಲ. ಅವನ ಹಲ್ಲು ಕೈಗೆ ತಾಗಿದರೆ ನಾನು ನಲ್ಲಿ ಕೆಳಗೆ ಸೋಪು ಹಚ್ಚಿ ತೊಳೆದದ್ದೇ ತೊಳೆದದ್ದು. ಕಾಡುನರಿಗಳಿಗೆ ಲಸಿಕೆ ಸೇರಿಸಿದ ತಿಂಡಿ ಎರಚಿ ಎರಚಿ ಈ ದೇಶ ರೇಬಿಸ್ ಓಡಿಸಿದೆ, 2008ರಿಂದ ಇಲ್ಲಿನ ನರಿಗಳಲ್ಲಿ, ನಾಯಿಗಳಲ್ಲಿ ಅದು ಇಲ್ಲ ಅಂತ ವೆಟ್ ಸಮಾಧಾನ ಹೇಳಿದರು. ತಲೆಗೆ ಹೋಯಿತು. ಕೈ ಮಾತ್ರ ತುಂಬ ದಿನ ನಲ್ಲಿಯ ಕಡೆಗೇ ಹೋಗುತ್ತಿತ್ತು.

2020ರಲ್ಲಿ ಆಗಿನ ಕೃಷಿ ಸಚಿವೆ ಒಂದು ಕರಡು ತಂದಿದ್ದರಂತೆ. ಪ್ರತಿ ನಾಯಿಯನ್ನೂ ದಿನಕ್ಕೆ ಎರಡು ಸಲ, ಒಟ್ಟು ಒಂದು ಗಂಟೆಯಾದರೂ ಹೊರಗೆ ಕರೆದುಕೊಂಡು ಹೋಗಬೇಕು ಅಂತ. ಅದು ಭಾರೀ ನಗೆಪಾಟಲಾಯಿತು ಅಂತ ಆಫೀಸಿನವರು ಈಗಲೂ ನೆನೆಸಿಕೊಂಡು ನಗುತ್ತಾರೆ. ಕೆಂಚನಿಗೆ ಒಂದು ಗಂಟೆ ಯಾವ ಮೂಲೆಗೆ? ನಮ್ಮ ಬೀದಿಯ ಒಂದೇ ಮಗ್ಗುಲಿಗೆ ಅವನಿಗೆ ಅರ್ಧ ಗಂಟೆ ಬೇಕು. ಪ್ರತಿ ಕಂಬ, ಪ್ರತಿ ಸೈಕಲ್ ಚಕ್ರ, ಪ್ರತಿ ಮರದ ಬುಡ. ಅವನು ಮೂಸುತ್ತಾನೆ, ನಾನು ನಿಲ್ಲುತ್ತೇನೆ. ನಿಂತವನು ಏನು ಮಾಡಬೇಕು? ನೆಲ ನೋಡುತ್ತೇನೆ.

ಹಾಗೆ ನೋಡುವಾಗಲೇ ಕಾಲುದಾರಿಯ ಕಲ್ಲುಗಳ ನಡುವೆ ಕೂರಿಸಿದ ಹಿತ್ತಾಳೆ ಬಿಲ್ಲೆಗಳು ಕಣ್ಣಿಗೆ ಬಿದ್ದದ್ದು. ಅಷ್ಟು ದಿನ ಅದರ ಮೇಲೇ ನಡೆದು ಸ್ಟೇಷನ್ನಿಗೆ ಓಡುತ್ತಿದ್ದೆ. ಶ್ಟೋಲ್ಪರ್‌ಶ್ಟೈನ್ ಅನ್ನುತ್ತಾರೆ. ಒಂದೊಂದೂ ಹತ್ತು ಸೆಂಟಿಮೀಟರ್ ಅಗಲ. ನಾಜಿಗಳು ಕೊಂದವರ, ಓಡಿಸಿದವರ ಹೆಸರನ್ನು ಅವರು ಕೊನೆಗೆ ವಾಸವಿದ್ದ ಮನೆಯ ಮುಂದೆಯೇ ನೆಲದಲ್ಲಿ ಹೂಳುವ ಈ ಕೆಲಸ ಶುರು ಮಾಡಿದ್ದು ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ. 2023ರಲ್ಲಿ ಒಂದು ಲಕ್ಷದ ಕಲ್ಲನ್ನು ನ್ಯೂರೆನ್‌ಬರ್ಗಿನಲ್ಲಿ ಹಾಕಿದರು. ನಮ್ಮ ಬೀದಿಯ ಒಂದು ಬಾಗಿಲ ಮುಂದೆ ಮೂರು ಇವೆ, ಗಂಡ, ಹೆಂಡತಿ, ಮಗು. ಮಗುವಿನ ಕಲ್ಲಿನ ಮೇಲೆ ಹುಟ್ಟಿದ ವರ್ಷ 1936, ಸಾಗಿಸಿದ ವರ್ಷ 1942. ಆ ಬಾಗಿಲ ಪಕ್ಕದ ಕಂಬ ಕೆಂಚನಿಗೆ ಬಲು ಇಷ್ಟ. ಕಾಲೆತ್ತುವ ಮೊದಲೇ ಹಗ್ಗ ಬಿಗಿ ಮಾಡಿ ಮುಂದಕ್ಕೆ ಎಳೆಯುತ್ತೇನೆ. ದಿನವೂ ಅವನಿಗೂ ನನಗೂ ಅಲ್ಲೊಂದು ಜಗ್ಗಾಟ.

ಅಲ್ಲಿ ಹೀಗೆ ಎಳೆಯುತ್ತಿದ್ದಾಗಲೇ ಮೂರನೇ ಮಹಡಿಯ ಅಜ್ಜಿ ಮೊದಲ ಸಲ ಮಾತಾಡಿಸಿದ್ದು. ಅವರ ಹತ್ತಿರ ಮಾಕ್ಸ್ ಅಂತ ವಯಸ್ಸಾದ ಡ್ಯಾಶ್‌ಹುಂಡ್ ಇದೆ. ಮೆಟ್ಟಿಲ ಮೇಲೆ ಎಷ್ಟೋ ಸಲ ಎದುರಾಗಿದ್ದೆವು, ನಮಸ್ಕಾರ ಬಿಟ್ಟರೆ ಬೇರೆ ಮಾತಿರಲಿಲ್ಲ. "ಗಂಡೋ ಹೆಣ್ಣೋ?" ಅಂತ ಕೇಳಿದರು. ಇಲ್ಲಿ ನಾಯಿ ಹಿಡಿದವರ ಮೊದಲ ಪ್ರಶ್ನೆ ಯಾವಾಗಲೂ ಅದೇ. ಎರಡು ಗಂಡು ಎದುರಾದರೆ ಜಗಳ ಆಗಬಹುದಲ್ಲ, ಅದಕ್ಕೆ. ಇವೆರಡೂ ಮೂಸಿಕೊಂಡು ಸುಮ್ಮನಾದವು. ಆಮೇಲೆ ಅಜ್ಜಿಯ ಆಕ್ಷೇಪಣೆಗಳು ಶುರುವಾದವು. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ. ಬೇರೆ ನಾಯಿ ಬಂದಾಗ ಉಸಿರು ಬಿಗಿಹಿಡಿಯಬೇಡಿ, ಅವನಿಗೆ ಗೊತ್ತಾಗುತ್ತದೆ. ಎದುರಿನವರು "ನಮ್ಮದು ಏನೂ ಮಾಡಲ್ಲ" ಅಂದರೆ ನಂಬಬೇಡಿ, ಏನೂ ಮಾಡದ ನಾಯಿಗಳೇ ಎಲ್ಲ ಮಾಡುವುದು.

ನವೆಂಬರಿನ ಒಂದು ಭಾನುವಾರ ಅವರೇ ಗ್ರೂನೆವಾಲ್ಡಿಗೆ ಹೊರಡಿಸಿದರು. ಬರ್ಲಿನ್ನಿನಲ್ಲಿ ಸಾಮಾನ್ಯವಾಗಿ ನಾಯಿ ಹಗ್ಗದಲ್ಲೇ ಇರಬೇಕು, ಮಕ್ಕಳ ಆಟದ ಜಾಗಕ್ಕಂತೂ ಬಿಡುವ ಹಾಗೇ ಇಲ್ಲ. ಆದರೆ ಗ್ರೂನೆವಾಲ್ಡ್ ಕಾಡಿನ ಒಂದು ದೊಡ್ಡ ಭಾಗವನ್ನು ನಾಯಿಗಳು ಹಗ್ಗವಿಲ್ಲದೆ ಓಡಾಡಲಿ ಅಂತಲೇ ಬಿಟ್ಟಿದ್ದಾರೆ. ಎಸ್-ಬಾನ್ ರೈಲಿನಲ್ಲಿ ಹೋದೆವು. ಮಾಕ್ಸ್ ಚೀಲದೊಳಗೆ ಕೂತು ಪುಕ್ಕಟೆ, ಕೆಂಚನಿಗೆ ರಿಯಾಯಿತಿ ಟಿಕೆಟ್ಟು ಮತ್ತು ಬಾಯಿಕುಕ್ಕೆ. ಕುಕ್ಕೆ ಹಾಕಿದ ಕೆಂಚನನ್ನು ನೋಡಿ ಎದುರಿಗಿದ್ದ ಮಗು ತಾಯಿಯ ಹಿಂದೆ ಸರಿಯಿತು, ಕೆಂಚ ನನ್ನ ಕಾಲ ಹಿಂದೆ ಸರಿದ.

ಗ್ರೂನೆವಾಲ್ಡ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅಜ್ಜಿ ಮಾಕ್ಸ್‌ನ ಹಗ್ಗ ನನ್ನ ಕೈಗಿತ್ತು, "ಐದು ನಿಮಿಷ" ಅಂತ ಹೋದರು. ಅಲ್ಲಿನ 17ನೇ ಪ್ಲಾಟ್‌ಫಾರ್ಮಿಗೆ ಈಗ ರೈಲು ಬರುವುದಿಲ್ಲ. 1941ರ ಅಕ್ಟೋಬರಿನಿಂದ ಬರ್ಲಿನ್ನಿನ ಯೆಹೂದಿಗಳನ್ನು ರೈಲಿಗೆ ತುಂಬಿ ಕಳಿಸುತ್ತಿದ್ದ ಜಾಗ ಅದು. ಪ್ಲಾಟ್‌ಫಾರ್ಮಿನ ಅಂಚಿನುದ್ದಕ್ಕೂ 186 ಲೋಹದ ಹಲಗೆಗಳು. ಒಂದೊಂದರ ಮೇಲೂ ದಿನಾಂಕ, ಎಷ್ಟು ಜನ, ಎಲ್ಲಿಗೆ. ನಮ್ಮ ಬೀದಿಯ ಆ ಮೂವರೂ ಇಲ್ಲಿಂದಲೇ ಹೋದರೋ ಏನೋ. ಅಜ್ಜಿ ವಾಪಸ್ ಬಂದು ಹಗ್ಗ ತೆಗೆದುಕೊಂಡರು. ನಾನೇನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾಡಿನೊಳಗೆ ಸ್ವಲ್ಪ ದೂರ ಹೋದ ಮೇಲೆ "ಈಗ ಬಿಡಿ" ಅಂದರು. ನನ್ನ ಬೆರಳು ಚಳಿಗೆ ಮರಗಟ್ಟಿದ್ದವು. ಹಗ್ಗದ ಕೊಕ್ಕೆಯ ಸಣ್ಣ ಗುಂಡಿ ಗ್ಲೌಸಿನಲ್ಲಿ ಸಿಗುತ್ತಿರಲಿಲ್ಲ. ಗ್ಲೌಸ್ ತೆಗೆದು, ಹೆಬ್ಬೆರಳಿನಿಂದ ಒತ್ತಿ ಎಳೆದೆ. ಟಕ್ ಅಂತ ಬಿಟ್ಟಿತು. ಕೆಂಚನಿಗೆ ಗೊತ್ತೇ ಆಗಲಿಲ್ಲ. ಹಗ್ಗ ಇದ್ದಾಗ ಎಷ್ಟು ದೂರ ಹೋಗುತ್ತಿದ್ದನೋ ಅಷ್ಟೇ ದೂರ ಹೋಗಿ ನಿಂತ. ಇನ್ನೊಂದು ಹೆಜ್ಜೆ ಇಟ್ಟ. ಕುತ್ತಿಗೆಗೆ ಏನೂ ತಗುಲಲಿಲ್ಲ. ತಿರುಗಿ ನನ್ನ ಮುಖ ನೋಡಿದ. ಆಮೇಲೆ ಓಡಿದ ನೋಡಿ!

ಪೈನ್ ಮರಗಳ ನಡುವೆ ಕೆಂಚು ಬಣ್ಣ ಒಂದು ಸಲ ಕಂಡಿತು, ಇನ್ನೊಂದು ಸಲ ಕಂಡಿತು, ಆಮೇಲೆ ಇಲ್ಲ. ಆ ಕಾಡಿನಲ್ಲಿ ಕಾಡುಹಂದಿಗಳಿವೆ, ಹತ್ತಿರದಲ್ಲೇ ಆಟೋಬಾನ್ ಹೆದ್ದಾರಿ ಇದೆ. ನಾನು ಕೆಂಚಾ ಕೆಂಚಾ ಅಂತ ಗಂಟಲು ಹರಿದುಕೊಂಡೆ. ಅವನ ಹಿಂದೆ ಓಡಲು ಹೊರಟವನ ತೋಳನ್ನು ಅಜ್ಜಿ ಹಿಡಿದುಕೊಂಡರು.

"ಕೂಗಬೇಡಿ. ಅಟ್ಟಿಸಿಕೊಂಡು ಹೋದರೆ ಇನ್ನೂ ಓಡುತ್ತಾನೆ. ಬೆನ್ನು ತಿರುಗಿಸಿ ಆ ಕಡೆ ನಡೀರಿ."

"ಬರದೇ ಇದ್ದರೆ?"

"ಬರದೇ ಇದ್ದರೆ ಆಮೇಲೆ ಕೂಗೋಣ."

ನಡೆದೆವು. ಅಷ್ಟು ಉದ್ದದ ದಾರಿಯನ್ನು ನಾನು ಬದುಕಿನಲ್ಲಿ ನಡೆದಿಲ್ಲ. ಮಾಕ್ಸ್‌ನ ಸಣ್ಣ ಕಾಲುಗಳು ಒಣ ಎಲೆಯ ಮೇಲೆ ಪರಪರ ಅನ್ನುತ್ತಿದ್ದವು, ಅದಕ್ಕೂ ಮೀರಿ ಹಿಂದಿನಿಂದ ಏನಾದರೂ ಸದ್ದು ಬರುತ್ತದಾ ಅಂತ ಕಿವಿಗೊಟ್ಟಿದ್ದೆ. ತಿರುಗಿ ನೋಡಬೇಡಿ ಅಂತ ಅಜ್ಜಿಯ ಅಪ್ಪಣೆ. "ಈಗ ಕೂತುಕೊಳ್ಳಿ, ಕೆಳಗೆ," ಅಂದರು. ಬಗ್ಗಿದರೆ ಹೆದರುತ್ತಾನೆ ಅಂತ ಹೇಳುವಷ್ಟರಲ್ಲಿ ಅವರೇ ನನ್ನ ಭುಜ ಒತ್ತಿ ಕೂರಿಸಿದ್ದರು. ಕುಕ್ಕರಗಾಲಲ್ಲಿ ಕೂತೆ. ಒದ್ದೆ ಮೂಗೊಂದು ನನ್ನ ಕಿವಿಯ ಹಿಂದೆ ಬಂದು ಒತ್ತಿತು. ಮೈಯೆಲ್ಲ ಕೆಸರು, ಬಾಯಲ್ಲಿ ಯಾರದೋ ನಾಯಿಯ ಚೆಂಡು.

ಚೆಂಡಿನ ಯಜಮಾನರು ಹಿಂದೆಯೇ ಬಂದರು, ನಗುತ್ತಾ. ಸರೋವರದ ದಡದಲ್ಲಿ 1542ರ ಬೇಟೆಯರಮನೆ ಇದೆ, ಒಳಗೆ ಒಳ್ಳೆಯ ಚಿತ್ರಗಳಿವೆ, ನೋಡಿ ಅಂದರು. ನಮ್ಮಿಬ್ಬರ ಅವತಾರಕ್ಕೆ ಅರಮನೆ ಬೇರೆ ಕೇಡು. ನಾಲ್ಕು ಗಂಟೆಗೇ ಕತ್ತಲು ಇಳಿಯುತ್ತಿತ್ತು. ಸ್ಟೇಷನ್ನಿಗೆ ಹೊರಟೆವು.

ರೈಲಿನಲ್ಲಿ ಅಜ್ಜಿ ವಿಷಯ ಬಾಯಿಬಿಟ್ಟರು. ಬುಧವಾರ ಅವರಿಗೆ ಕಣ್ಣಿನ ಪೊರೆ ಆಪರೇಷನ್. ಆಮೇಲೆ ಕೆಲವು ದಿನ ಬಗ್ಗಬಾರದು ಅಂದಿದ್ದಾರೆ ಡಾಕ್ಟರು. ನಡೆಯಬಹುದು, ಆದರೆ ಕಕ್ಕ ಎತ್ತುವವರು ಯಾರು? "ನಿಮಗೆ ಎರಡು ಹಗ್ಗ ಹಿಡಿಯೋಕೆ ಬರುತ್ತಲ್ಲ, ಬೆಳಿಗ್ಗೆ ನೋಡಿದೆ," ಅಂದರು. ಐದು ನಿಮಿಷ ಅಂತ ಮಾಕ್ಸ್‌ನನ್ನು ಕೊಟ್ಟು ಹೋಗಿದ್ದು ನನಗೆ ಪರೀಕ್ಷೆಯೂ ಆಗಿತ್ತಾ ಅಂತ ಅನುಮಾನ ಬಂತು. ಕೇಳಲಿಲ್ಲ.

ಅವರ ಕಣ್ಣು ಈಗ ಚೆನ್ನಾಗಿದೆ. ಕೆಲವು ದಿನದ ಮಾತು ಮಾತ್ರ ಇನ್ನೂ ಮುಗಿದಿಲ್ಲ. ಬೆಳಿಗ್ಗೆ ಏಳಕ್ಕೆ ಮಾಕ್ಸ್ ನಮ್ಮ ಬಾಗಿಲಲ್ಲಿ ಹಾಜರ್. ಕೆಂಚ ಮುಂದಕ್ಕೆ ಎಳೆಯುತ್ತಾನೆ, ಮಾಕ್ಸ್ ಹಿಂದಕ್ಕೆ. ನಾನು ನಡುವೆ ಎರಡೂ ಕೈ ಚಾಚಿಕೊಂಡು ಲೈಟು ಕಂಬದ ಹತ್ತಿರ ನಿಂತಿರುತ್ತೇನೆ. ಹೊಸ ಕಣ್ಣಿನ ಹುರುಪಿನಲ್ಲಿ ಅಜ್ಜಿ ಮೂರನೇ ಮಹಡಿಯ ಕಿಟಕಿಯಿಂದಲೇ ಕೂಗುತ್ತಾರೆ. "ಆ ಕಡೆ ಬೇಡ, ಯಾರೋ ಬಿಯರ್ ಬಾಟಲಿ ಒಡೆದಿದ್ದಾರೆ! ಹಗ್ಗ ಮತ್ತೆ ಕೈಗೆ ಸುತ್ತಿಕೊಂಡಿದ್ದೀರಿ ನೋಡಿ!"